ಡಬ್ಬಿಯ ಮೇಲೊಂದು ಹೆಸರು

ಬಿನ್ ಮಹಮೂದ್, ನಾಲ್ಕನೆಯ ಮಹಡಿ

ನಾನು ಕತಾರಿಗೆ ಹೋದದ್ದು ಸುಮ್ಮನೆ ಕೂರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೈಸೂರಿನಲ್ಲಿ ಸಿಕ್ಕವರೆಲ್ಲ ‘ಏನೇನು ನೋಡಿದಿರಿ?’ ಎಂದು ನನ್ನ ತಲೆ ತಿನ್ನುತ್ತಿದ್ದಾರೆ. ಮರಳು ನೋಡಿದೆ. ಕಟ್ಟಡಗಳ ನೆತ್ತಿಯ ಮೇಲೆ ನಿಂತ ಕ್ರೇನುಗಳನ್ನು ನೋಡಿದೆ. ಸಮುದ್ರವನ್ನು ಕಾರಿನ ಕಿಟಕಿಯಿಂದ ಎರಡು ಸಲ ನೋಡಿದೆ. ಉಳಿದ ದಿನಗಳನ್ನು ಒಬ್ಬ ಹೆಂಗಸಿನ ಅಡುಗೆಮನೆಯಲ್ಲೂ ಒಂದು ಶಾಲೆಯ ಅಂಗಳದಲ್ಲೂ ಒಂದು ಸರ್ಕಾರಿ ಕಚೇರಿಯ ಕುರ್ಚಿಯಲ್ಲೂ ಕಳೆದೆ.

ಮೂವತ್ತು ವರ್ಷ ಇಲಾಖೆಯ ಜೀಪಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಹೆಂಗಸರ ಸಂಘ ಕಟ್ಟಿ, ಹಪ್ಪಳ, ಉಪ್ಪಿನಕಾಯಿ, ಊದುಬತ್ತಿಯ ತರಬೇತಿ ಕೊಟ್ಟು ನಿವೃತ್ತಳಾಗಿದ್ದೆ. ಮಂಡಿ ಎರಡೂ ಕೈಕೊಟ್ಟಿದ್ದವು. ‘ಸ್ವಾವಲಂಬನೆ’ ಎಂಬ ಮಾತು ಕಿವಿಗೆ ಬಿದ್ದರೆ ಆಕಳಿಕೆ ಬರುತ್ತಿತ್ತು. ಮದುವೆ, ಮಕ್ಕಳ ತಾಪತ್ರಯ ಇಟ್ಟುಕೊಂಡವಳಲ್ಲ. ತಂಗಿ ರತ್ನ ದೋಹಾದ ಶಾಲೆಯೊಂದರಲ್ಲಿ ಟೀಚರು, ಮನೆ ಅಲ್ಲಿಯ ಬಿನ್ ಮಹಮೂದ್ ಬಡಾವಣೆಯಲ್ಲಿ. ‘ಬಾರೇ ಅಕ್ಕ, ಒಂದು ತಿಂಗಳು ಕಾಲು ಚಾಚ್ಕೊಂಡು ಇದ್ದು ಹೋಗು’ ಎಂದಳು. ಏಷ್ಯನ್ ಕ್ರೀಡಾಕೂಟ ಮುಗಿದ ಮರುತಿಂಗಳು ಹೋದೆ. ನಾನು ಹೋದ ದಿನವೇ ಅವರ ಕಟ್ಟಡದ ಲಿಫ್ಟು ಕೆಟ್ಟಿತು.

ನಾಲ್ಕು ಮಹಡಿ ಹತ್ತಬೇಕು. ಮೊದಲನೆಯದರಲ್ಲಿ ಮೀನಿನ ಸಾರಿನ ವಾಸನೆ, ಎರಡನೆಯದರಲ್ಲಿ ಯಾರದೋ ಮನೆಯ ಸಾಂಬಾರಿನದು. ಮೂರನೆಯದಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಮಂಡಿಗಾಗಿ ಅಲ್ಲ. ಅಲ್ಲಿ ಶ್ರೀಗಂಧದ ವಾಸನೆ ಇತ್ತು. ನಾನು ಮೈಸೂರಿನವಳು, ಗಂಧದ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ಜಂಬ ಬೇರೆ. ಆದರೆ ಈ ಗಂಧದ ಜೊತೆ ಕಂದಿದ ಸಕ್ಕರೆ, ಲವಂಗ, ಇನ್ನೂ ಏನೇನೋ ಸೇರಿಕೊಂಡು, ಗುರುತಿನ ಹೆಂಗಸು ಬೇರೆ ಸೀರೆ ಉಟ್ಟು ಎದುರು ಬಂದಂತಿತ್ತು.

‘ಆಮ್ನಾ ಮನೆ ಅದು. ಸುಡಾನಿನವಳು,’ ಎಂದಳು ರತ್ನ, ನನ್ನ ಚೀಲ ಹೊತ್ತು ಏದುಸಿರು ಬಿಡುತ್ತ. ‘ಮದುವೆ ಹೆಣ್ಣಿಗೆ ಧೂಪ ಮಾಡಿಕೊಡ್ತಾಳೆ. ನಮ್ಮಕ್ಕ ಇಂಥಾದ್ರಲ್ಲಿ ಎಕ್ಸ್‌ಪರ್ಟು ಅಂತ ಹೇಳ್ಬಿಟ್ಟಿದೀನಿ ಕಣೇ. ಬೈಬೇಡ.’

ನಾನು ಬೈದೆ. ಮೆಟ್ಟಿಲು ಮುಗಿಯುವ ತನಕವೂ ಬೈದೆ.

ಮೂರನೆಯ ಮಹಡಿ

ಆ ಕಟ್ಟಡದ ನಮ್ಮವರಲ್ಲಿ ಕೆಲವರು ಅವಳನ್ನು ‘ಆ ಕಪ್ಪು ಹೆಂಗಸು’ ಎಂದೇ ಕರೆಯುತ್ತಿದ್ದರು. ಬೆಳ್ಳಗಾಗುವ ಕ್ರೀಮಿನ ಟ್ಯೂಬನ್ನು ಕೊನೆಯ ತೊಟ್ಟಿನ ತನಕ ಹಿಂಡುವ ನಮ್ಮವರೇ. ಆಮ್ನಾ ನಲವತ್ತರ ಆಸುಪಾಸಿನ, ನೀಳವಾದ ಹೆಂಗಸು. ಸೀರೆಯಂಥದ್ದೇ ಒಂದು ಉದ್ದ ಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದಳು. ಅದು ಜಾರಿದಾಗಲೆಲ್ಲ ಹೆಗಲ ಮೇಲೆ ಎಳೆದುಕೊಳ್ಳುವ ರೀತಿ ಥೇಟ್ ನಮ್ಮ ಚಿಕ್ಕಮ್ಮಂದಿರದ್ದು. ನಮ್ಮಿಬ್ಬರದೂ ಕುಂಟು ಇಂಗ್ಲಿಷು, ಆದ್ದರಿಂದ ಮಾತು ಸಲೀಸಾಗಿ ನಡೆಯಿತು. ನನ್ನನ್ನು ‘ಉಸ್ತಾಜಾ’ ಎಂದಳು. ಮೇಷ್ಟ್ರಮ್ಮ ಎಂದು ಅರ್ಥ.

ಗಂಧವನ್ನು ತೇಯುವುದು ನನಗೆ ಗೊತ್ತು. ಪಾಕದಲ್ಲಿ ಹಾಕಿ ಬೇಯಿಸುವುದನ್ನು ನೋಡಿದ್ದು ಅಲ್ಲೇ. ಮೈಸೂರು ಪಾಕಿಗೆ ಹಿಡಿಯುವಂತೆ ಸಕ್ಕರೆ ಪಾಕ ಹಿಡಿದು, ಅದಕ್ಕೆ ಬೆರಳುದ್ದದ ಗಂಧದ ಚೂರುಗಳನ್ನು ಸುರಿದು, ಲವಂಗ, ಕಸ್ತೂರಿ, ಅತ್ತರುಗಳನ್ನು ಒಂದೊಂದಾಗಿ ಸೇರಿಸಿ, ಆರಿದ ಮೇಲೆ ಗಾಜಿನ ಭರಣಿಯಲ್ಲಿ ಮುಚ್ಚಿ ವಾರಗಟ್ಟಲೆ ಇಡುತ್ತಾಳೆ. ಕೆಂಡದ ಮೇಲೆ ಒಂದು ಚೂರು ಹಾಕಿದರೆ ಇಡೀ ಮನೆ ತುಂಬುತ್ತದೆ.

ಒಂದು ಭರಣಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದವಳು, ‘ಗಂಡ ಏನು ಮಾಡುತ್ತಾರೆ?’ ಎಂದಳು. ಮದುವೆಯಾಗಿಲ್ಲ ಎಂದೆ. ತಟಕ್ಕನೆ ಮುಚ್ಚಳ ಹಾಕಿದಳು. ಆ ಭರಣಿಯದು ಮದುವಣಗಿತ್ತಿಯ ಧೂಪವಂತೆ, ಮದುವೆಯಾಗದವರಿಗೆ ಸಲ್ಲದಂತೆ. ನಮ್ಮ ಕಡೆ ಕುಂಕುಮದ ಬಟ್ಟಲು ನನ್ನ ಮುಂದೆ ಬಂದು ಒಂದು ಗಳಿಗೆ ಅನುಮಾನಿಸಿ ಮುಂದಕ್ಕೆ ಹೋಗುವುದನ್ನು ಎಷ್ಟು ಸಲ ನೋಡಿಲ್ಲ! ಸಮುದ್ರ ದಾಟಿ ಬಂದರೂ ಇದೇ ಗೋಳೇ ಎಂದು ಬೇಸರವಾಯಿತು. ಅವಳಿಗೂ ಪಿಚ್ಚೆನಿಸಿರಬೇಕು, ಎರಡು ಲೋಟ ಚಹಾ ಕುಡಿಸಿದಳು.

ಅವಳ ಕಷ್ಟ ಇಷ್ಟು. ಗಂಡ ಉಸ್ಮಾನ್ ಅರಬ್ಬಿ ಭಾಷೆಯ ಮೇಷ್ಟ್ರು. ಬೇಸಿಗೆ ರಜೆಗೆ ಅವನ ಒಪ್ಪಂದ ಮುಗಿಯುತ್ತದೆ. ಅಲ್ ಗರಾಫಾದಲ್ಲಿ ಸುಗಂಧದ ಅಂಗಡಿ ಇಟ್ಟಿರುವ ಶ್ರೀಮಂತ ಹೆಂಗಸೊಬ್ಬಳು ‘ನನ್ನಲ್ಲಿ ಬಂದು ಕೆಲಸ ಮಾಡು’ ಎಂದಿದ್ದಾಳೆ. ಹಿಂದಿನ ಕೋಣೆಯಲ್ಲಿ ಕೂತು ಧೂಪ ಮಾಡಬೇಕು, ಡಬ್ಬಿಯ ಮೇಲೆ ಆ ಅಂಗಡಿಯ ಹೆಸರು. ಆಮ್ನಾಳಿಗೆ ತನ್ನ ಹೆಸರಿನಲ್ಲೇ ಮಾರುವ ಆಸೆ. ಆದರೆ ಆ ದೇಶದಲ್ಲಿ ಹೊರಗಿನವರು ಅಂಗಡಿ ತೆರೆಯಬೇಕಾದರೆ ಅಲ್ಲಿಯವರೊಬ್ಬರು ಪಾಲುದಾರರಾಗಿ ಸಹಿ ಹಾಕಬೇಕು. ಅಂಥವರು ಯಾರೂ ಸಿಕ್ಕಿರಲಿಲ್ಲ. ಮುಂದಿನ ವಾರ ಅಲ್ ಗರಾಫಾದ ಶಾಲೆಯೊಂದರಲ್ಲಿ ಮೂರು ದಿನ ಹೆಂಗಸರ ಬಜಾರು. ಅಲ್ಲಿ ಅವಳಿಗೊಂದು ಮೇಜು ಸಿಕ್ಕಿತ್ತು. ಬಜಾರಿನ ಕೊನೆಯ ಸಂಜೆಯೊಳಗೆ ಅಂಗಡಿಯವಳಿಗೆ ಉತ್ತರ ಹೇಳಬೇಕು.

‘ಅಲ್ಲಿ ಜನ ಮೆಚ್ಚಿದರೆ ಸಹಿ ಹಾಕುವವರು ಯಾರಾದರೂ ಸಿಗಬಹುದು, ಉಸ್ತಾಜಾ. ಸಿಗದಿದ್ದರೆ ಆ ಹಿಂದಿನ ಕೋಣೆಯೇ ಗತಿ,’ ಎಂದಳು.

ಇಷ್ಟು ಕೇಳಿದ್ದೇ ತಡ, ನನ್ನೊಳಗಿನ ಮೇಲ್ವಿಚಾರಕಿ ಸೆರಗು ಕಟ್ಟಿ ಎದ್ದಳು. ಗಾಜಿನ ಭರಣಿಯಲ್ಲಿ ಮಾರಿದರೆ ಮನೆವಾರ್ತೆಯಂತೆ ಕಾಣುತ್ತದೆ, ಅಚ್ಚುಕಟ್ಟು ಬೇಕು ಎಂದೆ. ಪ್ಲಾಸ್ಟಿಕ್ ಕವರು ತರಿಸಿದೆ. ಗರಗಸದ ಬ್ಲೇಡಿಗೆ ಕವರಿನ ಬಾಯಿ ಮಡಚಿ ಹಿಡಿದು ಮೇಣದಬತ್ತಿಯ ಉರಿಗೆ ಸವರಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಂಜನಗೂಡು ತಾಲ್ಲೂಕಿನ ಅರ್ಧ ಹೆಂಗಸರಿಗೆ ಈ ವಿದ್ಯೆ ಕಲಿಸಿದವಳು ನಾನು. ಎರಡು ದಿನ ಕೂತು ಅವಳ ಧೂಪವನ್ನೆಲ್ಲ ಕವರಿಗೆ ಹಾಕಿ ಬಾಯಿ ಅಂಟಿಸಿದೆವು. ರತ್ನಳ ಕಂಪ್ಯೂಟರಿನಲ್ಲಿ ಚೀಟಿ ಅಚ್ಚು ಹಾಕಿಸಿದೆ: ‘ನೈಲ್ ಧೂಪ’, ಕೆಳಗೊಂದು ಒಂಟೆ.

ಆಮ್ನಾ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

‘ನಮ್ಮ ಮನೆಯಲ್ಲಿ ಒಂಟೆ ಇರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದರು,’ ಎಂದಳು. ಆಮೇಲೆ ಮೆಲ್ಲಗೆ, ‘ನನ್ನ ಹೆಸರು ಎಲ್ಲಿ?’

‘ವ್ಯಾಪಾರಕ್ಕೆ ಒಬ್ಬರ ಹೆಸರು ಇಡಬಾರದಮ್ಮ,’ ಎಂದೆ. ಮೂವತ್ತು ವರ್ಷ ಹೇಳಿದ ಮಾತು, ನಾಲಿಗೆಗೆ ಯೋಚನೆಯೇ ಬೇಕಾಗಲಿಲ್ಲ. ನಮ್ಮ ಸಂಘಗಳ ಡಬ್ಬಿಯ ಮೇಲೆ ಯಾವಾಗಲೂ ದೇವಿಯ ಹೆಸರು, ನದಿಯ ಹೆಸರು. ಮಾಡಿದವಳ ಹೆಸರು ಹಾಕಿದ್ದು ನೆನಪಿಲ್ಲ. ಆಮ್ನಾ ವಾದಿಸಲಿಲ್ಲ. ಮೇಷ್ಟ್ರಮ್ಮನಿಗೆ ಎದುರಾಡುವುದು ಅವರಲ್ಲೂ ಇಲ್ಲ.

ಅಲ್ ಗರಾಫಾ, ಮೊದಲ ದಿನ

ಬಜಾರಿಗೆ ನಮ್ಮನ್ನು ಕಾರಿನಲ್ಲಿ ಕರೆದೊಯ್ದದ್ದು ಎರಡನೆಯ ಮಹಡಿಯ ಐರಿನ್. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು, ಯಾವುದೋ ಕಂಪನಿಯ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಅರಬ್ಬಿಯನ್ನು ಕೊಂಕಣಿಯಷ್ಟೇ ಸಲೀಸಾಗಿ ಮಾತಾಡುತ್ತಾರೆ. ಕಾರನ್ನು ಮಾತ್ರ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಓಡಿಸುತ್ತಾರೆ. ‘ಯಲ್ಲಾ, ಯಲ್ಲಾ’ ಎಂದು ಮುಂದಿನವರನ್ನು ಗದರಿಸುತ್ತ ಎರಡು ಸಲ ತಪ್ಪು ದಾರಿಗೆ ಹೊಕ್ಕು, ಮೂರನೆಯ ಸಲ ಅದೇ ವೃತ್ತಕ್ಕೆ ಮರಳಿ ಬಂದಾಗ ನನಗೆ ತಲೆ ಸುತ್ತಿತು.

ಸಭಾಂಗಣದಲ್ಲಿ ಹೆಂಗಸರದೇ ರಾಜ್ಯ. ಗಂಡಸರಿಗೆ ಗೇಟಿನಾಚೆ ಜಾಗ. ಒಂದು ಸಾಲಿನಲ್ಲಿ ಕೀನ್ಯಾದ ಹೆಂಗಸೊಬ್ಬಳು ಕೂದಲು ಹೆಣೆಯುತ್ತಿದ್ದಳು, ಇಥಿಯೋಪಿಯಾದವಳೊಬ್ಬಳು ಕಾಫಿ ಬೀಜ ಹರಡಿಕೊಂಡಿದ್ದಳು, ಆಮೇಲೆ ನಮ್ಮ ಆಮ್ನಾ.

‘ನಾನು ಬರುವಾಗ ಇವರೆಲ್ಲ ಬರೀ ಮನೆಕೆಲಸಕ್ಕೆ ಇದ್ದದ್ದು ಮಾರಾಯ್ರೆ,’ ಎಂದರು ಐರಿನ್. ‘ಈಗ ನೋಡಿ, ಒಂದು ಸಾಲು ಇಡೀ ಅವರದ್ದೇ. ಆದ್ರೆ ಲೈಸೆನ್ಸ್ ಕೇಳಿ ಒಬ್ಬೊಬ್ಬರ ಹತ್ರ. ಮಾಫಿ, ಇಲ್ಲವೇ ಇಲ್ಲ. ಎಲ್ಲ ಬೇರೆಯವರ ಹೆಸರಲ್ಲೇ ಉಂಟು.’

ನಮ್ಮ ಮೇಜು ಬಹಳ ಅಚ್ಚುಕಟ್ಟಾಗಿತ್ತು. ಸಾಲುಸಾಲು ಪ್ಯಾಕೆಟ್ಟು, ಸಾಲುಸಾಲು ಒಂಟೆ. ಹೆಂಗಸರು ಬರುತ್ತಿದ್ದರು, ಒಂದು ಪ್ಯಾಕೆಟ್ಟು ಎತ್ತಿ ಮೂಗಿಗೆ ಹಿಡಿಯುತ್ತಿದ್ದರು, ಏನೂ ತಿಳಿಯದೆ ಇಟ್ಟು ಹೋಗುತ್ತಿದ್ದರು. ಮೂಗಿಗಾಗಿ ಮಾಡಿದ ವಸ್ತುವನ್ನು ಮೂಗಿಗೆ ಸಿಗದಂತೆ ಅಂಟಿಸಿಟ್ಟ ಬುದ್ಧಿವಂತಿಕೆ ನನ್ನದು. ಹಪ್ಪಳಕ್ಕೆ ಸರಿಯಾದದ್ದು ಧೂಪಕ್ಕೆ ಸರಿಯಾಗುವುದಿಲ್ಲ ಎಂದು ಹೊಳೆಯಲು ನನಗೆ ಇಡೀ ಒಂದು ದಿನ ಬೇಕಾಯಿತು.

ಮಧ್ಯಾಹ್ನ ಸುಡಾನಿನದೇ ಮುದುಕಿಯೊಬ್ಬರು ಬಂದು ಪ್ಯಾಕೆಟ್ಟನ್ನು ಕಣ್ಣ ಹತ್ತಿರ ಹಿಡಿದು ಏನೋ ಕೇಳಿದರು. ಆಮ್ನಾ ತಲೆ ತಗ್ಗಿಸಿದಳು.

‘ಎಂತ ಕೇಳಿದ್ದು?’ ಎಂದೆ ಐರಿನ್‌ಗೆ, ಅವರದೇ ಧಾಟಿಯಲ್ಲಿ.

‘ಇದು ಯಾರು ಮಾಡಿದ್ದು ಅಂತ. ಅವರಲ್ಲಿ ಹಾಗೆಯಂತೆ. ಯಾರ ಕೈಯದ್ದು ಅಂತ ಗೊತ್ತಾಗದೆ ಧೂಪ ತಗೊಳ್ಳುದಿಲ್ಲವಂತೆ.’

ಸಂಜೆಯವರೆಗೂ ಒಂದೇ ಒಂದು ಪ್ಯಾಕೆಟ್ಟು ಹೋಯಿತು. ಅದನ್ನು ತೆಗೆದುಕೊಂಡದ್ದು ನನ್ನ ತಂಗಿ.

ಅಂಗಳ

ಮರುದಿನ ಪ್ಯಾಕೆಟ್ಟುಗಳು ಜಿನುಗುತ್ತಿದ್ದವು. ಅತ್ತರಿನ ಎಣ್ಣೆ ನನ್ನ ಮೇಣದಬತ್ತಿಯ ಬೆಸುಗೆಯನ್ನು ಬಿಡಿಸಿಕೊಂಡು ಹೊರಗೆ ಬಂದು, ಮೇಜುಬಟ್ಟೆ ಅಂಟಂಟಾಗಿ, ಒಂಟೆಗಳು ಜಾರಿ ಕೆಳಗೆ ಬಿದ್ದಿದ್ದವು. ಕಮಿಟಿಯ ಹುಡುಗಿಯೊಬ್ಬಳು ಮೂಗು ಸಿಂಡರಿಸಿ ಹೋದಳು. ನನಗೆ ಅಳು ಬರುವಷ್ಟು ನಾಚಿಕೆಯಾಯಿತು. ಆಮ್ನಾಳಿಗೆ ‘ಕ್ಷಮಿಸು’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದು ಪ್ಯಾಕೆಟ್ಟು ಎತ್ತಿ ಹಲ್ಲಿನಿಂದ ಹರಿದಳು. ಆಮೇಲೆ ಇನ್ನೊಂದು. ಎಲ್ಲವನ್ನೂ ಹರಿದು, ಬುಟ್ಟಿಯಲ್ಲಿ ತಂದಿದ್ದ ಗಾಜಿನ ಭರಣಿಗಳಿಗೆ ಸುರಿದಳು. ಅಂದರೆ ಭರಣಿಗಳನ್ನು ಮೊದಲೇ ತಂದಿದ್ದಳು. ಇದು ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಕೆಂಡ ಮಾತ್ರ ಇರಲಿಲ್ಲ. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಕಮಿಟಿಯ ನಿಯಮ.

ಹೊರಗೆ ಅಂಗಳದಲ್ಲಿ ಒಬ್ಬ ಭಾರೀ ಹೆಂಗಸು ಕೆಂಡದ ಒಲೆಯ ಮುಂದೆ ಕೂತು ರಗಾಗ್ ಸುಡುತ್ತಿದ್ದಳು. ಕಾದ ಕಬ್ಬಿಣದ ಹಂಚಿನ ಮೇಲೆ ಹಿಟ್ಟಿನ ಮುದ್ದೆಯನ್ನು ಬರಿಗೈಯಲ್ಲಿ ಸವರಿ, ಕಾಗದದಷ್ಟು ತೆಳ್ಳಗಿನ ರೊಟ್ಟಿ ಎಬ್ಬಿಸುತ್ತಾರೆ. ಅವಳು ಉಮ್ ಜಾಸಿಮ್, ಅಂದರೆ ಜಾಸಿಮನ ತಾಯಿ. ಕತಾರಿನವಳೇ, ಆದರೆ ಆಮ್ನಾಳಿಗಿಂತ ಕಪ್ಪು. ಹಿಂದೆ ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದು ಮಾರಿದ ಜನರ ಮೊಮ್ಮಗಳು. ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಮ್ನಾಳನ್ನು ನೋಡಿ ಅವಳು ಕೂಗಿ ಏನೋ ಹೇಳಿದಳು. ಹಿಟ್ಟಿನ ಬೋಗುಣಿಯನ್ನು ಸರ್ರನೆ ಪಕ್ಕಕ್ಕೆ ತಳ್ಳಿ ಅರ್ಧ ಮೇಜು ಖಾಲಿ ಮಾಡಿದಳು. ಇಕ್ಕಳದಲ್ಲಿ ಒಂದು ಕೆಂಡ ಎತ್ತಿ ಮಣ್ಣಿನ ಬಟ್ಟಲಿಗೆ ಹಾಕಿದಳು. ಅಷ್ಟೇ. ತರಬೇತಿಯೂ ಇಲ್ಲ, ಅರ್ಜಿಯೂ ಇಲ್ಲ, ಉದ್ಘಾಟನೆಯೂ ಇಲ್ಲ.

ಆಮ್ನಾ ಒಂದು ಚೂರು ಹಾಕಿದಳು. ಹೊಗೆ ಅಂಗಳ ದಾಟಿ ಸಭಾಂಗಣದ ಬಾಗಿಲು ಹೊಕ್ಕಿತು, ಆಮೇಲೆ ಹೆಂಗಸರು ಅದೇ ಬಾಗಿಲಿನಿಂದ ಹೊರಗೆ ಬರತೊಡಗಿದರು. ಬುರ್ಖಾದ ತೋಳನ್ನು ಹೊಗೆಗೆ ಹಿಡಿದರು, ಭರಣಿಗಳ ಮೇಲೆ ಬಾಗಿದರು. ಆಮ್ನಾ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು: ನಿನಗೋ, ಮಗಳಿಗೋ, ಮದುವೆ ಯಾವಾಗ, ಮನೆಯಲ್ಲಿ ಹಸುಗೂಸು ಇದೆಯೋ. ಒಬ್ಬಳಿಗಂತೂ ಕೊಡುವುದಿಲ್ಲ ಎಂದುಬಿಟ್ಟಳು. ಇದು ನಿನಗೆ ಹೊಂದುವುದಿಲ್ಲ, ನಿನ್ನದೇ ಬೇರೆ ಮಾಡುತ್ತೇನೆ, ಇಂಥ ದಿನ ಬಾ ಎಂದು ಪುಸ್ತಕದಲ್ಲಿ ಅವಳ ಹೆಸರು ಬರೆದುಕೊಂಡಳು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವುದೇ! ನನ್ನ ಮೂವತ್ತು ವರ್ಷದ ತರಬೇತಿ ಒಳಗೊಳಗೇ ಚೀರಿತು. ಈ ಸಲ ಬಾಯಿ ಮುಚ್ಚಿಕೊಂಡು ರಗಾಗ್ ತಿಂದೆ.

ಮೂರನೆಯ ದಿನ ಸುಗಂಧದ ಅಂಗಡಿಯವಳು ಬಂದಳು. ಒಳ್ಳೆಯ ಮಾತಿನ ಹೆಂಗಸೇ, ಗದರಲಿಲ್ಲ. ‘ಸಂಜೆಯಾಯಿತಲ್ಲ, ಏನು ಹೇಳುತ್ತೀ?’ ಎಂದಳು. ಇನ್ನೂ ಯಾರೂ ಸಹಿಯ ಮಾತೆತ್ತಿರಲಿಲ್ಲ. ಗೇಟಿನಾಚೆ ಉಸ್ಮಾನ್ ನಿಂತಿದ್ದ. ಒಪ್ಪಿಕೋ ಎಂದು ಅವನು ಬೆಳಿಗ್ಗೆಯೇ ಹೇಳಿ ಕಳಿಸಿದ್ದನಂತೆ. ಆಮ್ನಾ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

‘ಅಲ್ಲಿ ನನ್ನ ಹೆಸರು ಇರುವುದಿಲ್ಲ. ನಾನು ಬರುವುದಿಲ್ಲ,’ ಎಂದಳು. ಐರಿನ್ ಇದನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಅಂಗಡಿಯವಳು ಹೊರಟುಹೋದಳು. ಉಮ್ ಜಾಸಿಮ್ ಒಂದು ರೊಟ್ಟಿ ಎಬ್ಬಿಸಿದಳು, ಇನ್ನೊಂದು ಎಬ್ಬಿಸಿದಳು. ಆಮೇಲೆ ಹಂಚಿನ ಮೇಲಿಂದ ಕಣ್ಣು ತೆಗೆಯದೆ ಮಾತಾಡತೊಡಗಿದಳು. ಐರಿನ್ ಹೇಳುತ್ತ ಹೋದರು:

‘ಅವಳ ಅಜ್ಜಿಗೆ ಯಾಸ್ಮಿನ್ ಅಂತ ಹೆಸರಂತೆ. ಅದು ಅಜ್ಜಿಯನ್ನು ಕೊಂಡುಕೊಂಡವರು ಇಟ್ಟದ್ದಂತೆ. ತಾಯಿ ತಂದೆ ಇಟ್ಟ ಹೆಸರು ಎಂತ ಅಂತ ಅಜ್ಜಿಗೇ ಮರ್ತು ಹೋಗಿತ್ತಂತೆ. ಸಣ್ಣ ಪ್ರಾಯದಲ್ಲಿ ತಂದದ್ದಲ್ವಾ.’ ಐರಿನ್ ನನ್ನ ಕಡೆ ಇನ್ನಷ್ಟು ಬಾಗಿದರು. ‘ಈಗ ಆಮ್ನಾಗೆ ಹೇಳ್ತಿದ್ದಾಳೆ: ಕಾಗದದಲ್ಲಿ ನನ್ನ ಹೆಸರು ಇರ್ಲೇಬೇಕು, ಕಾನೂನು ಹಾಗೆ ಉಂಟು. ಡಬ್ಬಿ ಮೇಲೆ ನಿನ್ನದೇ ಹಾಕು. ನಾನು ಸೈನ್ ಮಾಡ್ತೇನೆ. ಖಲಾಸ್.’

ಆಮ್ನಾ ಉಮ್ ಜಾಸಿಮಳ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡಳು. ಗೇಟಿನ ಹತ್ತಿರ ಹೋದಾಗ ಉಸ್ಮಾನ್ ಏನೋ ಕೇಳಿದ, ಅವಳು ಏನೋ ಹೇಳಿದಳು. ಆಮೇಲೆ ಭರಣಿಗಳ ಬುಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದೆ ನಡೆದ.

ಒಂದು ಕಚೇರಿ, ಐದು ಸಲ

ಇಷ್ಟಕ್ಕೇ ಸಿಹಿ ಹಂಚಬಹುದಿತ್ತು, ಆದರೆ ಕಚೇರಿಗಳು ಎಲ್ಲ ದೇಶದಲ್ಲೂ ಕಚೇರಿಗಳೇ. ಲೈಸೆನ್ಸ್ ಕಚೇರಿಯ ಒಂದು ಕಿಟಕಿಯಲ್ಲಿ ಗಂಡನ ಒಪ್ಪಿಗೆ ಪತ್ರ ಕೇಳಿದರು. ತಂದರೆ ಅದಕ್ಕೆ ಅವನ ಶಾಲೆಯ ಮೊಹರು ಕೇಳಿದರು. ಅದನ್ನೂ ತಂದ ದಿನ ಮೊಹರು ನೋಡಬೇಕಾದ ಮನುಷ್ಯ ಇರಲಿಲ್ಲ. ‘ಬುಕ್ರಾ’ ಎಂದರು, ನಾಳೆ ಎಂದು. ಆ ಪದವನ್ನು ನನಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಕಿಟಕಿಯ ಆಚೆ ಕೂತು ಹೇಳಿದ್ದು ಅದನ್ನೇ.

ನನ್ನ ಅನುಭವ ಆಮ್ನಾಳ ಉಪಯೋಗಕ್ಕೆ ಬಂದದ್ದು ಇಲ್ಲಿ ಮಾತ್ರ. ಕಾಯುವುದು ನನಗೆ ಗೊತ್ತು. ಚೀಲದಲ್ಲಿ ನೀರು, ಖರ್ಜೂರ, ಎಲ್ಲ ಕಾಗದಗಳ ಇನ್ನೊಂದು ಪ್ರತಿ ಇಟ್ಟುಕೊಂಡು, ಗುಮಾಸ್ತನ ಕಣ್ಣಿಗೆ ಬೀಳುವ ಕುರ್ಚಿಯಲ್ಲಿ ಕೂರಬೇಕು, ಎದ್ದು ಹೋಗಬಾರದು. ಉಮ್ ಜಾಸಿಮಳಿಗೂ ಮಂಡಿನೋವು. ಇಬ್ಬರೂ ಅಕ್ಕಪಕ್ಕ ಕೂತು, ಒಬ್ಬರ ಭಾಷೆ ಒಬ್ಬರಿಗೆ ಬರದೆ, ಮಂಡಿ ಮುಟ್ಟಿ ಮುಟ್ಟಿ ತೋರಿಸಿಕೊಂಡು ನಿಟ್ಟುಸಿರು ಬಿಟ್ಟೆವು. ಐದು ಸಲ ಬಂದಳು ಆ ಹೆಂಗಸು, ಐದು ದಿನದ ರೊಟ್ಟಿಯ ವ್ಯಾಪಾರ ಬಿಟ್ಟು. ನಾನು ಹೊರಡುವ ದಿನದವರೆಗೂ ಕೆಲಸ ಆಗಲಿಲ್ಲ.

ಅಲ್ ಥುಮಾಮಾ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಆಮ್ನಾ ಕಾರಿನಲ್ಲೇ ನನ್ನ ಮಡಿಲಿಗೆ ಒಂದು ಭರಣಿ ಇಟ್ಟಳು. ಮೇಲೆ ಅರಬ್ಬಿಯಲ್ಲಿ ಕೈಬರಹದ ಚೀಟಿ.

‘ಇದು ನನ್ನ ಹೆಸರು, ಉಸ್ತಾಜಾ. ಒಳಗಿರುವುದು ಮದುವಣಗಿತ್ತಿಯದಲ್ಲ. ನಿಮ್ಮದು. ಮದುವೆಯಾಗದ, ದಿನವೂ ಬೈಯುವ, ಆದರೆ ಎದ್ದು ಹೋಗದ ಹೆಂಗಸಿಗೆ ಅಂತ ಮಾಡಿದ್ದು.’

ಐರಿನ್ ನಕ್ಕು ನಕ್ಕು ಮತ್ತೆ ತಪ್ಪು ದಾರಿ ಹಿಡಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ.

ನಂಜನಗೂಡಿನ ಹತ್ತಿರ ಒಂದು ಹಳ್ಳಿ

ಎರಡು ತಿಂಗಳ ಮೇಲೆ ರತ್ನ ಫೋನು ಮಾಡಿದಳು. ‘ಅಕ್ಕ, ಆಯ್ತು ಕಣೇ. ನಮ್ಮ ಬೀದಿ ದರ್ಜಿ ಅಂಗಡಿ ಪಕ್ಕ ಒಂದು ಗೂಡಿನಂಥ ಮಳಿಗೆ. ಬೋರ್ಡಿನ ಮೇಲೆ ಬರೀ ಆಮ್ನಾ ಅಂತ ಇದೆ.’

ಮರುದಿನ ಭರಣಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಆ ಹಳ್ಳಿಯಲ್ಲಿ ನಾನೊಂದು ಸಂಘ ಕಟ್ಟಿದ್ದೆ. ಅಲ್ಲಿ ಚಿಕ್ಕತಾಯಮ್ಮ ಎಂಬವಳು ತನ್ನದೇ ಹದದಲ್ಲಿ ಧೂಪದ ಪುಡಿ ಮಾಡುತ್ತಿದ್ದಳು. ಮೈಸೂರಿನಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ‘ಪೊಟ್ಟಣದ ಮ್ಯಾಲೆ ನನ್ ಹೆಸ್ರ ಹಾಕ್ತೀರಾ ಮೇಡಮ್ನೋರೆ?’ ಎಂದು ಒಮ್ಮೆ ಕೇಳಿದ್ದಳು. ನಾನು ನಕ್ಕಿದ್ದೆ. ನಿನ್ನ ಹೆಸರು ಹಾಕಿದರೆ ಉಳಿದವರು ಏನಂತಾರೆ ಎಂದಿದ್ದೆ. ದೇವಿಯ ಹೆಸರು ಹಾಕಿಸಿದೆ. ಸಂಘ ಒಡೆಯಿತು, ಪುಡಿ ನಿಂತಿತು, ಅವಳು ಯಾವುದೋ ಕಂಪನಿಗೆ ಊದುಬತ್ತಿ ಹೊಸೆಯಲು ಕೂತಳು.

ಈಗಲೂ ಜಗುಲಿಯ ಮೇಲೆ ಅದನ್ನೇ ಹೊಸೆಯುತ್ತಿದ್ದಳು. ಬೆರಳುಗಳು ಸೊಟ್ಟಗಾಗಿದ್ದವು. ನಾನು ಭರಣಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಬಹಳ ಹೊತ್ತು.

‘ಯಾರ್ ಮಾಡಿದ್ದು ಇದ?’ ಎಂದಳು.

‘ಆಮ್ನಾ ಅಂತ. ದೂರದ ಹೆಂಗಸು.’

‘ಅವಳ ಹೆಸ್ರ ಹಾಕವ್ರಾ ಮ್ಯಾಲೆ?’

‘ಹಾಕಿದಾರೆ.’

ಚಿಕ್ಕತಾಯಮ್ಮನಿಗೆ ಕನ್ನಡವನ್ನೇ ಓದಲು ಬರುವುದಿಲ್ಲ. ಮಸಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಅರಬ್ಬಿ ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿದಳು. ‘ಚೆಂದಾಗದ’ ಎಂದು ಭರಣಿಯನ್ನು ನನಗೆ ವಾಪಸು ಕೊಟ್ಟು, ಮತ್ತೆ ಮಣೆಯ ಮುಂದೆ ಬಾಗಿ ಹೊಸೆಯತೊಡಗಿದಳು.